ಕಲ್ಲು ನೆಡುವ ಮುನ್ನ ಹೊಲ ನೋಡಿ

ಎಂಜಿನಿಯರ್: ನೇರವಾಗಿಯೇ ಕೇಳುತ್ತೇನೆ ಮೇಡಂ. ದಾರಿಯಲ್ಲಿ ಗುಡಿ ಇದೆ, ಕೋಟೆ ಇದೆ, ಶಾಸನದ ಕಲ್ಲು ನಿಂತಿದೆ ಅಂದರೆ ರಸ್ತೆಯನ್ನು ಪಕ್ಕಕ್ಕೆ ಸರಿಸೋಣ, ಅದಕ್ಕೆ ನನ್ನ ತಕರಾರಿಲ್ಲ. ನೀವು ಕೇಳುತ್ತಿರುವುದು ಅದಕ್ಕಿಂತ ಬಹಳ ಮುಂದಿನದು. ಏನೂ ಕಾಣದ ಹೊಲ, ತಲೆಮಾರುಗಳಿಂದ ಜೋಳ, ಕಡಲೆ ಬೆಳೆದ ಹೊಲ, ರಂಟೆ ಹೊಡೆದು, ಕುಂಟೆ ಹೊಡೆದು, ಈಗ ಟ್ರ್ಯಾಕ್ಟರ್ ಹೊಡೆದು ಮಗುಚಿದ ಹೊಲ. ಅಲ್ಲಿ ಹೆದ್ದಾರಿಯೋ ನಾಲೆಯೋ ಬರುವ ಮುನ್ನ ಕಂದಕ ತೋಡಿ ನೋಡಬೇಕು ಎನ್ನುತ್ತೀರಿ. ಕಣ್ಣೆದುರು ಇರುವುದನ್ನು ಉಳಿಸಿಕೊಳ್ಳುವುದು ಸರಿ. ಇದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲದ ವಸ್ತುವಿಗಾಗಿ ಸಾವಿರಾರು ಕೋಟಿಯ ಕೆಲಸವನ್ನು ಕಾಯಿಸುವುದು ಎಲ್ಲಿಯ ನ್ಯಾಯ?

ಸಂಶೋಧಕಿ: ಉತ್ತ ಹೊಲದಲ್ಲಿ ಏನೂ ಉಳಿದಿರುವುದಿಲ್ಲ ಎಂಬ ನಂಬಿಕೆಯಿಂದಲೇ ಶುರುಮಾಡೋಣ ಸರ್. ಉಳುಮೆ ಮಗುಚುವುದು ಮೇಲಿನ ಒಂದು ಪದರವನ್ನು ಮಾತ್ರ. ಅದರ ಕೆಳಗಿನ ಗಟ್ಟಿ ನೆಲಕ್ಕೆ ಹಿಂದೊಮ್ಮೆ ಯಾರಾದರೂ ಕಂಬ ನೆಡಲು ಕುಣಿ ತೋಡಿದ್ದರೆ, ಕಾಳು ತುಂಬಲು ಹಗೇವು ತೆಗೆದಿದ್ದರೆ, ಬಸಿಗಾಲುವೆ ಕಡಿದಿದ್ದರೆ ಆ ಗುರುತು ಅಲ್ಲಿಯೇ ಇರುತ್ತದೆ. ಕಂಬ ಕೊಳೆತು ಹೋದರೂ ಕುಣಿಯೊಳಗೆ ತುಂಬಿಕೊಂಡ ಮಣ್ಣಿನ ಬಣ್ಣ ಸುತ್ತಲಿನ ಮಣ್ಣಿಗಿಂತ ಬೇರೆ. ಹಲ್ಲಿಲ್ಲದ ಅಗಲ ಬಕೆಟ್ ಹಾಕಿದ ಜೆಸಿಬಿ ಮೇಲ್ಮಣ್ಣನ್ನು ತೆಳುವಾಗಿ ಕೆರೆಯುತ್ತ ಹಿಂದೆ ಸರಿಯುತ್ತದೆ. ಬಕೆಟ್‌ನ ಪಕ್ಕದಲ್ಲೇ ಒಬ್ಬರು ನೆಲದ ಮೇಲಿಂದ ಕಣ್ಣು ಕೀಳದೆ ನಡೆಯುತ್ತಾರೆ. ತಟ್ಟೆಯಗಲದ ಒಂದು ಕಪ್ಪು ಕಲೆ ಕಂಡರೆ ಯಂತ್ರ ನಿಲ್ಲುತ್ತದೆ. ಒಂದೂವರೆ ಮಾರು ದೂರದಲ್ಲಿ ಇನ್ನೊಂದು ಕಲೆ, ಅದರಾಚೆ ಮತ್ತೊಂದು, ಆಮೇಲೆ ಸಾಲು ಮೂಲೆ ತಿರುಗುತ್ತದೆ. ಅಲ್ಲೊಂದು ಮನೆ ಇತ್ತು. ಕಲ್ಲಿಲ್ಲ, ಇಟ್ಟಿಗೆ ಇಲ್ಲ, ಮೇಲೆ ದಿಬ್ಬವಿಲ್ಲ. ಮಣ್ಣು ಮತ್ತು ಮರದಲ್ಲಿ ಬದುಕಿದವರು ಬಿಟ್ಟುಹೋಗುವುದು ಇಷ್ಟನ್ನೇ.

ಐರ್ಲೆಂಡಿನ ಉದಾಹರಣೆಯನ್ನು ಬೇಕೆಂದೇ ತೆಗೆದುಕೊಳ್ಳುತ್ತೇನೆ. ಅದು ಯೂರೋಪಿನಲ್ಲಿ ಬಹುಕಾಲ ಬಡದೇಶವೆನಿಸಿಕೊಂಡಿದ್ದ, ಹುಲ್ಲುಗಾವಲು ಮತ್ತು ಹೊಲಗಳ ನಾಡು. 1990ರ ದಶಕದ ಕೊನೆಯಿಂದ ಹತ್ತು ಹನ್ನೆರಡು ವರ್ಷ ಅಲ್ಲಿ ಒಂದರ ಹಿಂದೊಂದು ಮೋಟಾರು ಹೆದ್ದಾರಿಗಳು ಬಂದವು. ರಸ್ತೆ ಪ್ರಾಧಿಕಾರ 2000ರಲ್ಲಿ ಸರ್ಕಾರದೊಡನೆ ಒಂದು ಸಂಹಿತೆಗೆ ಒಪ್ಪಿ, ತನ್ನ ಯೋಜನೆಗಳಿಗೆ ತಾನೇ ಪುರಾತತ್ತ್ವಜ್ಞರನ್ನು ನೇಮಿಸಿಕೊಂಡಿತು. ಯಾವ ನಕ್ಷೆಯಲ್ಲೂ ಇಲ್ಲದ ಸಾವಿರಕ್ಕೂ ಮೀರಿದ ನೆಲೆಗಳು ಆ ಹೊಲಗಳಡಿ ಸಿಕ್ಕವು. ಅವುಗಳಲ್ಲಿ ನವಶಿಲಾಯುಗದ ಆಯತಾಕಾರದ ಮರದ ಮನೆಗಳೂ ಇದ್ದವು. ಅದಕ್ಕೆ ಮೊದಲು ಅಂಥವು ಬೆರಳೆಣಿಕೆಯಷ್ಟು ಮಾತ್ರ ಗೊತ್ತಿದ್ದವು. ರಸ್ತೆ, ಗ್ಯಾಸ್ ಪೈಪು, ವಸತಿ ಬಡಾವಣೆಗಳಿಗಾಗಿ ಹೊಲ ತೆರೆದ ಮೇಲೆ ಹತ್ತಾರು ಬಂದವು. ಅವುಗಳ ಕಾಲವನ್ನು ಇಂಗಾಲದ ಪರೀಕ್ಷೆಯಿಂದ ಒಟ್ಟಾಗಿ ಲೆಕ್ಕ ಹಾಕಿದಾಗ, ಬಹುತೇಕ ಎಲ್ಲವೂ ಕ್ರಿ.ಪೂ. 3720ರಿಂದ 3620ರ ನಡುವಿನ ಒಂದೇ ಶತಮಾನದೊಳಗೆ ಕಟ್ಟಿದವು ಎಂದು ತಿಳಿಯಿತು. ಒಂದು ದ್ವೀಪದ ಮೊದಲ ಬೇಸಾಯಗಾರರು ನಾಲ್ಕೈದು ತಲೆಮಾರು ಒಂದೇ ಬಗೆಯ ಮನೆ ಕಟ್ಟಿ, ಗೋಧಿ ಬೆಳೆದು, ಆಮೇಲೆ ಆ ಬಗೆಯ ಮನೆಯನ್ನೇ ಬಿಟ್ಟರು. ಒಂದು ಮನೆ ಅಗೆದವರಿಗೆ ಇದು ಹೊಳೆಯುವ ಹಾಗಿರಲಿಲ್ಲ. ಹತ್ತಾರು ಹೊಲಗಳ ಲೆಕ್ಕ ಒಂದೆಡೆ ಸೇರಿದ್ದರಿಂದ ಹೊಳೆಯಿತು.

ಎಂಜಿನಿಯರ್: ವಿದ್ವಾಂಸರಿಗೆ ಅದು ದೊಡ್ಡ ಸಂಗತಿ, ಒಪ್ಪಿದೆ. ಆದರೆ ಕೊನೆಗೆ ಆದದ್ದೇನು? ನೀವು ಅಗೆದಿರಿ, ಬರೆದುಕೊಂಡಿರಿ, ಚಿತ್ರ ತೆಗೆದಿರಿ, ನಾವು ಅದರ ಮೇಲೆ ಡಾಂಬರು ಹಾಕಿದೆವು. ನಮ್ಮ ಯಂತ್ರ ಒಂದು ದಿನದಲ್ಲಿ ಅಳಿಸುತ್ತಿದ್ದುದನ್ನು ನಿಮ್ಮ ಕರಣೆ ಮೂರು ತಿಂಗಳಲ್ಲಿ ಅಳಿಸಿತು. ಉಳಿದದ್ದು ಏನು?

ಸಂಶೋಧಕಿ: ನೀವು ಹೇಳಿದ್ದು ನಿಜ. ಉತ್ಖನನವೂ ನಾಶವೇ. ಕಲೆಯಾದ ಮಣ್ಣನ್ನು ಒಮ್ಮೆ ತೆಗೆದರೆ ಮತ್ತೆ ಇಡಲಾಗದು. ಆದ್ದರಿಂದಲೇ ನನ್ನ ವಾದ ಹೆಚ್ಚು ಅಗೆಯಬೇಕು ಎಂಬುದಲ್ಲ, ಬೇಗ ನೋಡಬೇಕು ಎಂಬುದು. ಮಾರ್ಗ ಇನ್ನೂ ನಕ್ಷೆಯ ಮೇಲಿನ ಗೆರೆಯಾಗಿರುವಾಗ ಹೊಲ ನೋಡಿದರೆ ಆ ಗೆರೆಯನ್ನು ಇನ್ನೂರು ಮೀಟರು ಸರಿಸುವುದಕ್ಕೆ ಬೇಕಾಗುವುದು ಒಂದಷ್ಟು ಮರುಲೆಕ್ಕ. ಭೂಮಿ ವಶವಾಗಿ, ಕಲ್ಲು ನೆಟ್ಟು, ಗುತ್ತಿಗೆ ಕೊಟ್ಟು, ಯಂತ್ರಗಳು ಬಂದು ನಿಂತ ಮೇಲೆ ನೋಡಿದರೆ ಇತಿಹಾಸಕ್ಕೂ ನಷ್ಟ, ರಸ್ತೆಗೂ ನಷ್ಟ, ಅಗೆಯದೆ ಬಿಡಬಹುದಾದದ್ದನ್ನೂ ಅಗೆಯಲೇಬೇಕಾಗುತ್ತದೆ.

ಇದಕ್ಕೆ ಅದೇ ದೇಶದ ಎರಡು ರಸ್ತೆಗಳೇ ಸಾಕ್ಷಿ. ವಾಟರ್‌ಫರ್ಡ್ ನಗರದ ಬೈಪಾಸಿಗೆ 2003ರಲ್ಲಿ ಶೂರ್ ನದಿಯ ದಂಡೆಯ ವುಡ್ಸ್‌ಟೌನ್ ಎಂಬಲ್ಲಿ ಹೊಲಗಳಲ್ಲಿ ಪರೀಕ್ಷಾ ಕಂದಕ ತೋಡಿದರು. ಹಡಗಿನ ಹಲಗೆಗೆ ಹೊಡೆಯುವ ಮೊಳೆಗಳು, ಬೆಳ್ಳಿಯ ತುಂಡುಗಳು, ವ್ಯಾಪಾರಿಗಳು ಬಳಸುವ ಸೀಸದ ತೂಕದ ಬಟ್ಟುಗಳು ಸಿಕ್ಕವು. ಅದು 9ನೇ ಶತಮಾನದ ವೈಕಿಂಗರ ನೆಲೆ. ಅಲ್ಲಿಯೇ ಖಡ್ಗ, ಗುರಾಣಿಗಳ ಸಮೇತ ಹೂತ ಯೋಧನೊಬ್ಬನ ಗೋರಿಯೂ ಇತ್ತು. ರಸ್ತೆಯ ಕೆಲಸ ಇನ್ನೂ ಅಲ್ಲಿಗೆ ಬಂದಿರಲಿಲ್ಲವಾದ್ದರಿಂದ ಮಾರ್ಗ ಬದಲಾಯಿತು. ಬೈಪಾಸು 2009ರಲ್ಲಿ ತೆರೆಯಿತು. ನೆಲೆಯ ಬಹುಪಾಲು ಇಂದಿಗೂ ಹೊಲದಡಿ ಹಾಗೆಯೇ ಇದೆ, ಮುಂದಿನವರು ನಮಗಿಂತ ಒಳ್ಳೆಯ ವಿಧಾನದಿಂದ ನೋಡಲೆಂದು. ಇನ್ನೊಂದು ರಸ್ತೆ ಎಂ3. ಅದು ಐರಿಷ್ ದೊರೆಗಳ ಪೀಠವೆಂದು ಹೆಸರಾದ ತಾರಾ ಬೆಟ್ಟದ ಹತ್ತಿರ ಹಾದುಹೋಗುತ್ತದೆ. ಮಾರ್ಗಕ್ಕೆ 2003ರಲ್ಲೇ ಅನುಮತಿ ಸಿಕ್ಕಿತ್ತು. 2007ರಲ್ಲಿ ಲಿಸ್ಮಲ್ಲಿನ್ ಎಂಬಲ್ಲಿ ಮೇಲ್ಮಣ್ಣು ತೆಗೆದಾಗ ಸುಮಾರು 80 ಮೀಟರು ಅಗಲದ ಕಂಬಗುಣಿಗಳ ಬಳೆಯೊಂದು ಕಾಣಿಸಿತು, ನಡುವೆ ಇನ್ನೊಂದು ಚಿಕ್ಕ ಬಳೆ, ಅದಕ್ಕೆ ಪೂರ್ವದಿಂದ ಹೋಗುವ ದಾರಿ. ಕಬ್ಬಿಣ ಯುಗದ ಪೂಜಾಸ್ಥಳವಿರಬೇಕು. ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು, ಅದೇ ವರ್ಷದ ಕೊನೆಯೊಳಗೆ ಪೂರ್ತಿ ಅಗೆದು ದಾಖಲಿಸಿದರು, ಮೇಲೆ ರಸ್ತೆ ಮಾಡಿದರು. ಘೋಷಿಸಿದ ಸ್ಮಾರಕವನ್ನೇ ಕೈಯಾರೆ ತೆಗೆಯಬೇಕಾಯಿತು. ಊರೂರಲ್ಲಿ ಪ್ರತಿಭಟನೆ, ಜಗತ್ತಿನ ಪತ್ರಿಕೆಗಳಲ್ಲಿ ಟೀಕೆ. ಅಷ್ಟು ಹೊತ್ತಿಗೆ ಮಾರ್ಗ ಸರಿಸುವ ದಾರಿಗಳೆಲ್ಲ ಮುಚ್ಚಿಹೋಗಿದ್ದವು.

ಎಂಜಿನಿಯರ್: ನಿಮ್ಮ ಎರಡನೆಯ ಉದಾಹರಣೆ ನನ್ನ ಕಡೆಗೇ ವಾಲುತ್ತದೆ. ಲಿಸ್ಮಲ್ಲಿನ್‌ನಲ್ಲೂ ಮುಂಚಿತ ಪರೀಕ್ಷೆ ಆಗಿತ್ತಲ್ಲವೇ? ಆದರೂ ಮೇಲ್ಮಣ್ಣು ತೆಗೆಯುವವರೆಗೆ ಆ ಬಳೆ ಕಾಣಲಿಲ್ಲ. ಹಾಗಾದರೆ ಮುಂಚಿತವಾಗಿ ಹಣ ಸುರಿದರೂ ನಮಗೆ ಖಾತರಿ ಸಿಗುವುದಿಲ್ಲ.

ಸಂಶೋಧಕಿ: ಖಾತರಿ ಸಿಗುವುದಿಲ್ಲ, ಅಪಾಯ ಕಡಿಮೆಯಾಗುತ್ತದೆ. ನೀವು ಸೇತುವೆಯ ಕಂಬಕ್ಕೆ ಮುನ್ನ ಬೋರ್ ಹಾಕಿ ಮಣ್ಣು ಪರೀಕ್ಷೆ ಮಾಡಿಸುತ್ತೀರಿ. ಎರಡು ಬೋರ್‌ಗಳ ನಡುವೆ ಪೊಳ್ಳು ಬಂಡೆ ಇರಬಹುದು, ಅಷ್ಟಕ್ಕೇ ಮಣ್ಣು ಪರೀಕ್ಷೆ ಬೇಡವೆಂದು ಯಾವ ಎಂಜಿನಿಯರೂ ಹೇಳುವುದಿಲ್ಲ. ಹಳೆಯ ನಕ್ಷೆ, ವಿಮಾನದಿಂದ ತೆಗೆದ ಚಿತ್ರ, ಬಿತ್ತನೆಗೆ ಮುಂಚೆ ಹೊಲದಲ್ಲಿ ಸಾಲು ಹಿಡಿದು ನಡೆದು ಬೋಕಿ ಆರಿಸುವುದು, ನೆಲದ ಕಾಂತೀಯ ಅಳತೆ, ಆಮೇಲೆ ಪರೀಕ್ಷಾ ಕಂದಕ. ಇವೆಲ್ಲ ಸೇರಿ ನೆಲದ ಒಂದು ಚಿಕ್ಕ ಪಾಲನ್ನಷ್ಟೇ ತೋರಿಸುತ್ತವೆ. ಕಡ್ಡಿಯಷ್ಟು ಸಣ್ಣ ಗೂಟಗಳ ಬಳೆ ತಪ್ಪಿಸಿಕೊಳ್ಳಬಹುದು. ಅದಕ್ಕೇ ಎರಡನೆಯ ಹಂತವೂ ಬೇಕು. ಮಾರ್ಗ ಗೊತ್ತಾದ ಮೇಲೆ, ಗುತ್ತಿಗೆದಾರ ಮಣ್ಣು ಹೊಡೆಯುವ ಮುನ್ನ, ಅನುಮಾನವಿರುವ ಕಡೆ ಮೇಲ್ಮಣ್ಣು ತೆಗೆದು ನೋಡಲು ಅವಧಿಯನ್ನು ಮೊದಲೇ ವೇಳಾಪಟ್ಟಿಯಲ್ಲಿ ಬರೆದಿಡಬೇಕು. ಬರೆದಿಟ್ಟ ಮೂರು ತಿಂಗಳನ್ನು ಯಾರೂ ವಿಳಂಬ ಎನ್ನುವುದಿಲ್ಲ. ಬರೆಯದೆ ಬಂದ ಮೂರು ವಾರವೇ ವಿಳಂಬ.

ಇಂಗ್ಲೆಂಡಿನ ಕೇಂಬ್ರಿಜ್–ಹಂಟಿಂಗ್ಡನ್ ನಡುವಿನ ಎ14 ರಸ್ತೆಯನ್ನೇ ನೋಡಿ. 34 ಕಿಲೋಮೀಟರು, ನೂರೈವತ್ತು ಕೋಟಿ ಪೌಂಡಿನ ಯೋಜನೆ. 2016ರಿಂದ 2018ರವರೆಗೆ ಅದರ ಹೊಲಗಳಲ್ಲಿ ಒಂದು ಹಂತದಲ್ಲಿ 250 ಪುರಾತತ್ತ್ವಜ್ಞರು ಕೆಲಸ ಮಾಡಿದರು. ನವಶಿಲಾಯುಗದ ಮೂರು ವೃತ್ತಾಕಾರದ ಆವರಣಗಳು, ರೋಮನ್ ಕಾಲದ ಕುಂಬಾರರ ನಲವತ್ತರಷ್ಟು ಆವಿಗೆಗಳು, ಆಂಗ್ಲೋ-ಸ್ಯಾಕ್ಸನ್ ಹಳ್ಳಿಗಳು, ಜನ ಬಿಟ್ಟುಹೋದ ಮಧ್ಯಯುಗದ ಒಂದು ಊರು, ಕೆಳಗಿನ ಜಲ್ಲಿಯ ಪದರದಲ್ಲಿ ಮಹಾಗಜದ ದಂತಗಳು. ನನ್ನ ಕಣ್ಣಿಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಕೆಲವು ಮಿಲಿಮೀಟರಿನ ಕರಕಲು ತುಣುಕುಗಳು. ಸೂಕ್ಷ್ಮದರ್ಶಕದಡಿ ಅವುಗಳ ರಂಧ್ರಗಳನ್ನೂ ಹೊಟ್ಟಿನ ಜೋಡಣೆಯನ್ನೂ ನೋಡಿದ ತಜ್ಞರು, ಕ್ರಿ.ಪೂ. 400ರ ಆಸುಪಾಸಿನಲ್ಲಿ ಕಾಳು ಹುದುಗಿಸಿ ಬಿಯರ್ ಮಾಡಿದ್ದರ ಗುರುತು ಎಂದು ಹೇಳಿದರು. ಬ್ರಿಟನ್ನಿನಲ್ಲಿ ಅದಕ್ಕಿಂತ ಹಳೆಯ ಪುರಾವೆ ಆಗ ಇರಲಿಲ್ಲ. ಇಷ್ಟೆಲ್ಲ ಆದ ಮೇಲೂ ರಸ್ತೆ ತಡವಾಯಿತೇ? 2020ರ ಕೊನೆಗೆಂದು ನಿಗದಿಯಾಗಿದ್ದ ದಾರಿ ಆ ವರ್ಷದ ಮೇ ತಿಂಗಳಲ್ಲೇ ತೆರೆಯಿತು.

ಎಂಜಿನಿಯರ್: ಅದು ಶ್ರೀಮಂತ ದೇಶ. ನಮ್ಮಲ್ಲಿ ಒಂದು ಹಳ್ಳಿಗೆ ಮಳೆಗಾಲದಲ್ಲಿ ಆಂಬುಲೆನ್ಸ್ ಹೋಗುವ ದಾರಿಯಿಲ್ಲ. ಒಂದು ತಾಲ್ಲೂಕಿಗೆ ನಾಲೆಯ ನೀರು ಬರಲು ಇಪ್ಪತ್ತು ವರ್ಷ ಕಾಯುತ್ತಾರೆ. ಅಂಥ ಜನಕ್ಕೆ ಹೋಗಬೇಕಾದ ಹಣವನ್ನು ಕರಕಲು ಕಾಳಿಗೆ ಹಾಕಿ ಎಂದು ನಾನು ಯಾವ ಬಾಯಲ್ಲಿ ಹೇಳಲಿ?

ಸಂಶೋಧಕಿ: ಇದು ನಿಮ್ಮ ಆಕ್ಷೇಪಗಳಲ್ಲೆಲ್ಲ ಭಾರವಾದದ್ದು. ಇದಕ್ಕೆ ಹಗುರಾದ ಉತ್ತರ ಕೊಡಲಾರೆ. ಹಳ್ಳಿಯ ದಾರಿಗೂ ಆರು ಪಥದ ಹೆದ್ದಾರಿಗೂ ಒಂದೇ ನಿಯಮ ಇರಬೇಕಿಲ್ಲ. ಇರುವ ಬಂಡಿದಾರಿಗೆ ಡಾಂಬರು ಹಾಕಲು ಯಾರೂ ಕಂದಕ ತೋಡಬೇಕಿಲ್ಲ. ಹೊಸದಾಗಿ ನೂರಾರು ಎಕರೆ ಹೊಲವನ್ನು ಅಡಿಯವರೆಗೆ ತೆರೆಯುವ ಹೆದ್ದಾರಿ, ರೈಲು ಮಾರ್ಗ, ಜಲಾಶಯ, ಕೈಗಾರಿಕಾ ವಲಯಗಳ ಮಾತು ನಾನು ಆಡುತ್ತಿರುವುದು. ಅಂಥ ಯೋಜನೆಯ ಅಂದಾಜುಪಟ್ಟಿಯಲ್ಲಿ ವಿದ್ಯುತ್ ಕಂಬ ಸ್ಥಳಾಂತರಕ್ಕೆ, ಕಡಿದ ಮರದ ಬದಲು ಮರ ನೆಡುವುದಕ್ಕೆ, ಮಣ್ಣು ಪರೀಕ್ಷೆಗೆ ಪ್ರತ್ಯೇಕ ಬಾಬತ್ತು ಇದ್ದೇ ಇರುತ್ತದೆ. ಇದೂ ಅಂಥದೊಂದು ಬಾಬತ್ತು. ಹಾನಿ ಮಾಡುವ ಯೋಜನೆಯೇ ಅದರ ವೆಚ್ಚ ಹೊರಬೇಕೆಂಬ ತತ್ತ್ವ ಇಂಗ್ಲೆಂಡಿಗೂ ತಾನಾಗಿ ಬಂದದ್ದಲ್ಲ. 1989ರಲ್ಲಿ ಲಂಡನ್ನಿನಲ್ಲಿ ಕಚೇರಿ ಕಟ್ಟಡಕ್ಕೆ ಪಾಯ ತೆಗೆಯುವಾಗ, 1587ರಲ್ಲಿ ಕಟ್ಟಿದ ರೋಸ್ ನಾಟಕಶಾಲೆಯ ಅವಶೇಷ ಸಿಕ್ಕಿತು. ಜನ ಬೀದಿಗಿಳಿದರು, ನಟರು ಯಂತ್ರಗಳಿಗೆ ಅಡ್ಡ ನಿಂತರು, ಕಟ್ಟಡದ ವಿನ್ಯಾಸವನ್ನೇ ಬದಲಿಸಬೇಕಾಯಿತು. ಅಂಥ ಪೇಚು ಬಿಲ್ಡರುಗಳಿಗೂ ಬೇಡವಾಗಿತ್ತು. 1990ರ ನವೆಂಬರಿನಲ್ಲಿ ಬಂದ ಯೋಜನಾ ಮಾರ್ಗಸೂಚಿ, ಅನುಮತಿ ಕೊಡುವ ಮುನ್ನವೇ ನೆಲ ಪರೀಕ್ಷೆಯಾಗಬೇಕು, ಅದರ ಹೊಣೆ ಕಟ್ಟುವವರದು ಎಂಬ ರೂಢಿಯನ್ನು ತಂದಿತು. 1992ರಲ್ಲಿ ಮಾಲ್ಟಾದ ವಲೆಟಾದಲ್ಲಿ ಯೂರೋಪಿನ ದೇಶಗಳು ಇದೇ ದಿಕ್ಕಿನ ಒಪ್ಪಂದ ಮಾಡಿಕೊಂಡವು.

ಬಡತನದ ಮಾತಿಗೆ ನಮ್ಮದೇ ದೇಶದ ಉತ್ತರವಿದೆ. ಕೃಷ್ಣೆಗೆ ನಾಗಾರ್ಜುನಸಾಗರ ಕಟ್ಟಲು 1955ರಲ್ಲಿ ಅಡಿಗಲ್ಲು ಬಿತ್ತು. ಅದಕ್ಕೂ ಮುಂಚೆ, 1954ರಲ್ಲೇ, ಮುಳುಗಲಿದ್ದ ನಾಗಾರ್ಜುನಕೊಂಡ ಕಣಿವೆಯಲ್ಲಿ ಉತ್ಖನನ ಆರಂಭವಾಗಿ 1960ರವರೆಗೆ ನಡೆಯಿತು. ಇಕ್ಷ್ವಾಕು ರಾಜರ ವಿಜಯಪುರಿಯ ವಿಹಾರ, ಸ್ತೂಪಗಳಷ್ಟೇ ಅಲ್ಲದೆ ಹಳೆ ಶಿಲಾಯುಗದಿಂದ ಮಧ್ಯಯುಗದವರೆಗಿನ ಬದುಕು ಆ ಕಣಿವೆಯಲ್ಲಿ ದಾಖಲಾಯಿತು. ಕೆಲವು ಕಟ್ಟಡಗಳನ್ನು ಕಲ್ಲು ಕಲ್ಲಾಗಿ ಬಿಚ್ಚಿ ಗುಡ್ಡದ ಮೇಲೆ ಮತ್ತೆ ನಿಲ್ಲಿಸಿದರು. ಆ ಗುಡ್ಡ ಇಂದು ದ್ವೀಪ. ಅನ್ನಕ್ಕೆ ಹಡಗಿನಲ್ಲಿ ಗೋಧಿ ತರಿಸಿಕೊಳ್ಳುತ್ತಿದ್ದ ದೇಶ ಅಣೆಕಟ್ಟನ್ನೂ ಕಟ್ಟಿತು, ಇದನ್ನೂ ಮಾಡಿತು.

ಎಂಜಿನಿಯರ್: ನಾಗಾರ್ಜುನಕೊಂಡ ಮೊದಲೇ ಹೆಸರಾದ ಜಾಗ ಮೇಡಂ. 1920ರ ದಶಕದಿಂದಲೇ ಅಲ್ಲಿ ಶೋಧ ನಡೆದಿತ್ತು. ಇರುವುದು ಗೊತ್ತಿದ್ದುದನ್ನು ಉಳಿಸಿದರು. ಸರ್ವೆ ನಂಬರ್ ಬಿಟ್ಟು ಬೇರೆ ಹೆಸರಿಲ್ಲದ ಹೊಲಕ್ಕೆ ಅದನ್ನು ಹೋಲಿಸಬೇಡಿ.

ಸಂಶೋಧಕಿ: ನನ್ನ ಆತಂಕವನ್ನೇ ನೀವು ಹೇಳಿದಿರಿ. ನಮ್ಮ ಕಾನೂನು ಹೆಸರಾದದ್ದನ್ನು ಕಾಯುತ್ತದೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ, 2010ರ ತಿದ್ದುಪಡಿಯೊಂದಿಗೆ, ರಕ್ಷಿತ ಸ್ಮಾರಕದ ಸುತ್ತ 100 ಮೀಟರು ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರು ನಿಯಂತ್ರಿತ ಪ್ರದೇಶ ಎಂದು ಗೆರೆ ಎಳೆಯಿತು. ಕೇಂದ್ರದ ಪಟ್ಟಿಯಲ್ಲಿ ದೇಶದಾದ್ಯಂತ 3,600ಕ್ಕೂ ಹೆಚ್ಚು ಸ್ಮಾರಕಗಳಿವೆ, ಕರ್ನಾಟಕದಲ್ಲೇ 500ಕ್ಕೂ ಹೆಚ್ಚು. ಪಟ್ಟಿಗೆ ಸೇರದ ನೆಲದ ವಿಷಯದಲ್ಲಿ, ಹೊಸ ಮಾರ್ಗ ಹಾದುಹೋಗುವ ಹೊಲಗಳನ್ನು ಮುಂಚಿತವಾಗಿ ತೆರೆದು ನೋಡಲೇಬೇಕೆಂದು ಆ ಕಾಯ್ದೆ ಹೇಳುವುದಿಲ್ಲ. ಪರಿಸರ ಅನುಮತಿಯ ಅರ್ಜಿಯೂ ಹತ್ತಿರದಲ್ಲಿ ರಕ್ಷಿತ ಸ್ಥಳ ಇದೆಯೇ ಎಂದು ಕೇಳುತ್ತದೆ, ಹೊಲದಲ್ಲಿ ಕಂದಕ ತೋಡಿ ನೋಡಿದಿರಾ ಎಂದು ಕೇಳುವುದಿಲ್ಲ. ಹಾಗಾಗಿ ರಾಜರೂ ಮಠಗಳೂ ಕಲ್ಲಿನಲ್ಲಿ ಕಟ್ಟಿಸಿದ್ದಕ್ಕೆ ರಕ್ಷಣೆ ಸಿಕ್ಕಿತು, ಉತ್ತು ಬಿತ್ತಿದವರ ಊರಿಗೆ ಸಿಗಲಿಲ್ಲ.

ನಮ್ಮ ಬೂದಿದಿಬ್ಬಗಳನ್ನು ನೋಡಿ. ಬಳ್ಳಾರಿ, ರಾಯಚೂರು, ಯಾದಗಿರಿ, ಗಡಿಯಾಚೆಯ ಆಂಧ್ರ, ತೆಲಂಗಾಣ ಸೇರಿ ಅಂಥವು ನೂರಕ್ಕೂ ಹೆಚ್ಚು. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿಯದು ರಸ್ತೆಯ ಮಗ್ಗುಲಲ್ಲೇ ಇದೆ. ಹಂಪಿಯ ಹತ್ತಿರದ ನಿಂಬಾಪುರದ್ದನ್ನು ಜನ ವಾಲಿಯನ್ನು ಸುಟ್ಟ ಬೂದಿ ಎನ್ನುತ್ತಾರೆ. ಉತ್ನೂರಿನ ದಿಬ್ಬವನ್ನು 1957ರಲ್ಲಿ ಅಗೆದ ಪುರಾತತ್ತ್ವಜ್ಞ ಆಲ್ಚಿನ್ ಅವರಿಗೆ ದೊಡ್ಡಿಯ ಬೇಲಿಯ ಕಂಬಗುಣಿಗಳೂ ದನಗಳ ಗೊರಸಿನ ಅಚ್ಚುಗಳೂ ಸಿಕ್ಕವು. ನವಶಿಲಾಯುಗದ ದನಗಾಹಿಗಳು ಕೂಡಿಟ್ಟ ಸಗಣಿಗೆ ಮತ್ತೆ ಮತ್ತೆ ಬೆಂಕಿ ಹಾಕಿದ್ದರಿಂದ ಆದ ದಿಬ್ಬಗಳು ಇವು. ಬಹುಕಾಲ ಎಲ್ಲರ ಕಣ್ಣು ದಿಬ್ಬದ ಮೇಲೆಯೇ ಇತ್ತು. ಸುರಪುರ ಸೀಮೆಯ ಬೂದಿಹಾಳದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ದಿಬ್ಬದ ಜೊತೆಗೆ ಅದರ ಮಗ್ಗುಲ ನೆಲವನ್ನೂ ಅಗಲವಾಗಿ ತೆರೆದರು. ಮನೆಗಳು, ಮಕ್ಕಳನ್ನು ಹೂತ ಮಡಕೆಗಳು, ಕಲ್ಲಿನ ಅಲಗು ಮಾಡುತ್ತಿದ್ದ ಜಾಗ, ದನ ಕೊಯ್ಯುತ್ತಿದ್ದ ಗಟ್ಟಿ ನೆಲ ಅಲ್ಲಿ ಸಿಕ್ಕವು. ಊರು ಇದ್ದದ್ದು ದಿಬ್ಬದ ಪಕ್ಕದಲ್ಲಿ. ನಾಳೆ ಯಾವುದಾದರೊಂದು ಮಾರ್ಗ ಬೂದಿದಿಬ್ಬವನ್ನು ಗೌರವದಿಂದ ಬಿಟ್ಟು ಪಕ್ಕದ ಹೊಲದಲ್ಲಿ ಹಾದರೆ, ಅದು ಊರಿನ ಮೇಲೆಯೇ ಹಾದಂತೆ.

ಆ ಊರಿನಿಂದ ನಮಗೆ ಏನು ಸಿಗುತ್ತದೆ ಎಂದು ನೀವು ಕೇಳುವ ಮುನ್ನವೇ ಹೇಳಿಬಿಡುತ್ತೇನೆ. ಒಲೆಯ ಮಗ್ಗುಲ ಮಣ್ಣನ್ನು ಬಕೆಟ್ ನೀರಿಗೆ ಹಾಕಿ ಕಲಕಿದರೆ, ಅಕ್ಕಿ ತೊಳೆಯುವಾಗ ಜೊಳ್ಳು ತೇಲುವ ಹಾಗೆ ಕರಕಲಾದ ಕಾಳುಗಳು ತೇಲುತ್ತವೆ. ಅವನ್ನು ನವಿರಾದ ಜರಡಿಗೆ ಬಸಿದು, ನೆರಳಲ್ಲಿ ಒಣಗಿಸಿ, ಸೂಕ್ಷ್ಮದರ್ಶಕದಡಿ ಒಂದೊಂದಾಗಿ ಗುರುತಿಸಬೇಕು. ಸಂಗನಕಲ್ಲು, ಹಳ್ಳೂರು ಮುಂತಾದ ಕಡೆಯ ಮಣ್ಣಿಗೆ ಹೀಗೆ ಮಾಡಿದ ಡೋರಿಯನ್ ಫುಲ್ಲರ್, ರವಿ ಕೋರಿಶೆಟ್ಟರ್ ಮತ್ತು ಅವರ ಜೊತೆಗಾರರು, ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಈ ಸೀಮೆಯ ಜನ ಕೊರಲೆ, ಹುರುಳಿ, ಹೆಸರು ಬೆಳೆಯುತ್ತಿದ್ದರೆಂದು ತೋರಿಸಿದರು. ಇಂದು ನಮ್ಮ ಹೊಲ ತುಂಬಿರುವ ಜೋಳದ ಮೂಲ ಆಫ್ರಿಕಾ. ಕೊರಲೆ, ಹುರುಳಿ ಇಲ್ಲಿಯ ನೆಲದಲ್ಲೇ ಪಳಗಿದವು. ದಕ್ಷಿಣ ಭಾರತದ ಬೇಸಾಯ ಪೂರ್ತಿ ಹೊರಗಿನಿಂದ ಬಂದ ವಿದ್ಯೆಯಲ್ಲ ಎಂಬ ವಾದ ನಿಂತಿರುವುದು ಈ ಕಾಳುಗಳ ಮೇಲೆ. ಯಾವ ಶಾಸನವೂ ಇದನ್ನು ಹೇಳಲಾರದು, ಆ ಕಾಲಕ್ಕೆ ನಮ್ಮ ಕಡೆ ಅಕ್ಷರವೇ ಇರಲಿಲ್ಲ.

ಎಂಜಿನಿಯರ್: ಹಾಗಾದರೆ ಕಷ್ಟ ಇನ್ನೂ ಹೆಚ್ಚಾಯಿತು. ಆ ಸೀಮೆಯಲ್ಲಿ ಎಲ್ಲಿ ಗುದ್ದಲಿ ಹಾಕಿದರೂ ಏನಾದರೊಂದು ಸಿಗುತ್ತದೆ. ರಸ್ತೆಯನ್ನು ಎತ್ತ ಸರಿಸಲಿ? ಇನ್ನೊಂದು ಮಾತು, ನಿಮ್ಮ ಕಪ್ಪು ಕಲೆಯ ವಿದ್ಯೆ ಐರ್ಲೆಂಡಿನ ಕಂದು ಮಣ್ಣಿಗೆ ಸರಿ. ನಮ್ಮ ಎರೆ ಹೊಲದಲ್ಲಿ ಕಪ್ಪಿನೊಳಗೆ ಕಪ್ಪು ಹೇಗೆ ಕಾಣುತ್ತದೆ?

ಸಂಶೋಧಕಿ: ಎರೆಯ ಮಾತು ಸರಿಯಾಗಿದೆ. ಬೇಸಿಗೆಯಲ್ಲಿ ಎರೆ ಬಿರಿಯುತ್ತದೆ, ಮೇಲಿನ ಬೋಕಿ ಬಿರುಕಿನಲ್ಲಿ ಇಳಿಯುತ್ತದೆ, ಮಳೆಗೆ ಮಣ್ಣು ಉಬ್ಬಿ ಎಲ್ಲವನ್ನೂ ಕಲಸುತ್ತದೆ. ಕಾಂತೀಯ ಅಳತೆಯೂ ಕರಿಕಲ್ಲಿನ ಸೀಮೆಯಲ್ಲಿ ಗೊಂದಲದ ಫಲ ಕೊಡುತ್ತದೆ. ಆದ್ದರಿಂದ ಪರದೇಶದ ವಿಧಾನವನ್ನು ಹಾಗೆಯೇ ಎತ್ತಿ ತರಲಾಗದು. ಎರೆಯಲ್ಲಿ ಬೂದಿಯ ಪದರ ಬೆಳ್ಳಗೆ ಎದ್ದು ಕಾಣುತ್ತದೆ, ಬೋಕಿಯ ದಟ್ಟಣೆ ಹೊಲದ ಯಾವ ಮೂಲೆಯಲ್ಲಿ ಹೆಚ್ಚು ಎಂಬುದು ಗೊತ್ತಾಗುತ್ತದೆ, ಮಸಾರಿಯಲ್ಲಿ ಕಲೆಗಳೂ ಚೆನ್ನಾಗಿಯೇ ಕಾಣುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಉಳುವಾಗ ರಂಟೆಗೆ ಎಲ್ಲಿ ಬೂದಿ ಹತ್ತುತ್ತದೆ, ಎಲ್ಲಿ ಮಡಕೆ ಚೂರು ಏಳುತ್ತದೆ ಎಂಬುದು ಹೊಲದವರಿಗೆ ಗೊತ್ತು. ಅವರನ್ನು ಕೇಳುವುದೇ ಇಲ್ಲಿಯ ಮೊದಲ ಸರ್ವೆ.

ಎಲ್ಲಿ ನೋಡಿದರೂ ಸಿಗುತ್ತದೆ ಎಂಬುದಕ್ಕೆ ಉತ್ತರ, ಸಿಕ್ಕದ್ದೆಲ್ಲ ರಸ್ತೆಯನ್ನು ನಿಲ್ಲಿಸಬೇಕಿಲ್ಲ. ಐರ್ಲೆಂಡಿನ ಆ ಸಾವಿರಕ್ಕೂ ಮೀರಿದ ನೆಲೆಗಳಲ್ಲಿ ಮಾರ್ಗ ಬದಲಿಸಿದ್ದು ತೀರ ಅಪರೂಪಕ್ಕೆ. ಉಳಿದವನ್ನು ಅಗೆದು, ಅಳೆದು, ಮಾದರಿ ತೆಗೆದುಕೊಂಡು ದಾರಿ ಬಿಟ್ಟುಕೊಟ್ಟರು. ಎಲ್ಲವನ್ನೂ ಉಳಿಸಬೇಕು ಎಂದು ಹಟ ಹಿಡಿಯುವವರ ಜೊತೆ ನಾನಿಲ್ಲ. ಹಾಗೆ ಹಟ ಹಿಡಿದರೆ ಅಧಿಕಾರಿ ನೋಡುವುದನ್ನೇ ನಿಲ್ಲಿಸುತ್ತಾನೆ. ಯಾವುದು ಸರಿಸುವಷ್ಟು ದೊಡ್ಡದು, ಯಾವುದು ದಾಖಲಿಸಿ ಬಿಡಬಹುದಾದದ್ದು ಎಂದು ತೂಗಬೇಕಾದರೆ ಮೊದಲು ನೋಡಿರಬೇಕು. ನೋಡದೆ ಬಿಟ್ಟರೆ ಆ ತೀರ್ಮಾನವನ್ನು ಡ್ರೈವರ್ ಸೀಟಿನಲ್ಲಿ ಕೂತ ಹುಡುಗ ತನಗೇ ತಿಳಿಯದೆ ಮಾಡಿಬಿಡುತ್ತಾನೆ.

ಎಂಜಿನಿಯರ್: ದಾಖಲೆ, ವರದಿ ಎನ್ನುತ್ತೀರಿ. ವರದಿ ಇಲಾಖೆಯ ಬೀರುವಿನಲ್ಲಿ ಕೂರುತ್ತದೆ. ಬೋಕಿ ತುಂಬಿದ ಚೀಲಗಳು ಗೋದಾಮಿನಲ್ಲಿ ಇಲಿಗಳ ಪಾಲು. ಓದುವವರಿಲ್ಲದ ವರದಿಗೆ ಯೋಜನೆ ಏಕೆ ಹಣ ಕೊಡಬೇಕು?

ಸಂಶೋಧಕಿ: ಈ ದೂರು ಅಲ್ಲಿಯೂ ಇತ್ತು. ಬ್ರಿಟನ್, ಐರ್ಲೆಂಡಿನಲ್ಲಿ ಅಚ್ಚಾಗದ ಅಂಥ ವರದಿಗಳು ಸಾವಿರಗಟ್ಟಲೆ ರಾಶಿ ಬಿದ್ದಿದ್ದವು. ರಿಚರ್ಡ್ ಬ್ರಾಡ್ಲಿ ಎಂಬ ಪ್ರಾಧ್ಯಾಪಕರು ಊರೂರಿನ ಕಚೇರಿಗಳಿಗೆ ಹೋಗಿ ಅವನ್ನು ಓದಿ, 2007ರಲ್ಲಿ ಆ ಎರಡು ದ್ವೀಪಗಳ ಪ್ರಾಗಿತಿಹಾಸವನ್ನು ಹೊಸದಾಗಿ ಬರೆದರು. ಅಚ್ಚಾದ ಪುಸ್ತಕಗಳನ್ನಷ್ಟೇ ನಂಬಿದ್ದಿದ್ದರೆ ಅವರ ಚಿತ್ರವೇ ಬೇರೆಯಾಗುತ್ತಿತ್ತು. ಬೀರುವಿನಲ್ಲಿದ್ದದ್ದು ಓದುಗ ಬರುವವರೆಗೆ ಕಾಯಬಲ್ಲದು, ಮಣ್ಣಿನಲ್ಲಿದ್ದದ್ದು ಜೆಸಿಬಿಯ ಎದುರು ಕಾಯಲಾರದು. ಆದರೆ ನೀವು ಹೇಳಿದ ಇಲಿಯ ಮಾತು ನನಗೆ ನೋವಿನ ವಿಷಯ. ನಮ್ಮಲ್ಲಿ ಅಗೆದು ದಶಕಗಳಾದರೂ ಪೂರ್ಣ ವರದಿ ಬಾರದ ನೆಲೆಗಳಿವೆ. ಅದಕ್ಕಾಗಿ ಹಣ ಬಿಡುಗಡೆಯನ್ನು ಹಂತಕ್ಕೆ ಕಟ್ಟಿಹಾಕಬೇಕು. ವರದಿ ಎಲ್ಲರೂ ನೋಡುವ ಹಾಗೆ ಆನ್‌ಲೈನ್‌ನಲ್ಲಿ ಬಂದ ಮೇಲೆಯೇ ಕೊನೆಯ ಕಂತು. ವಸ್ತುಗಳು ಜಿಲ್ಲಾ ವಸ್ತುಸಂಗ್ರಹಾಲಯಕ್ಕೆ ಸೇರುವವರೆಗಿನ ವೆಚ್ಚವೂ ಯೋಜನೆಯದೇ. ಕೆಲಸ ಮಾಡುವವರು ಯಾರು ಎಂಬ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಧಾರವಾಡ, ಮೈಸೂರಿನಿಂದ ಪುರಾತತ್ತ್ವ ಓದಿ ಹೊರಬಂದ ಹುಡುಗ ಹುಡುಗಿಯರು ಬೇರೆ ಪರೀಕ್ಷೆ ಬರೆದು ಬೇರೆ ನೌಕರಿಗೆ ಹೋಗುತ್ತಿದ್ದಾರೆ. ಅವರಿಗೆ ಹೊಲದಲ್ಲಿ ವರ್ಷಪೂರ್ತಿ ಕೆಲಸವಿದ್ದರೆ ಐದಾರು ವರ್ಷದಲ್ಲಿ ನುರಿತ ತಂಡಗಳೇ ಸಿದ್ಧವಾಗುತ್ತವೆ.

ಎಂಜಿನಿಯರ್: ಇಷ್ಟು ಹೊತ್ತು ಸರ್ಕಾರದ ಕಡೆಯಿಂದ ವಾದಿಸಿದೆ. ಈಗ ರೈತನ ಕಡೆಯಿಂದ ಕೇಳುತ್ತೇನೆ. ಹೊಲ ಹೋಗುತ್ತದೆಂದು ನೋಟಿಸ್ ಬಂದಿದೆ. ಪರಿಹಾರ ಯಾವಾಗ, ಎಷ್ಟು ಎಂದು ಗೊತ್ತಿಲ್ಲ. ಅಷ್ಟರಲ್ಲಿ ನೀವು ಬಂದು ಕಂದಕ ತೋಡುತ್ತೀರಿ. ನಿಧಿ ಹುಡುಕಲು ಬಂದಿದ್ದಾರೆ ಎಂದು ಊರಲ್ಲಿ ಗುಸುಗುಸು. ಹಳೆಯದೇನಾದರೂ ಸಿಕ್ಕರೆ ಉಳಿದ ಹೊಲವನ್ನೂ ಸರ್ಕಾರ ಕಿತ್ತುಕೊಳ್ಳುತ್ತದೆ ಎಂಬ ಭಯ. ಸಿಕ್ಕದ್ದನ್ನು ರಾತ್ರೋರಾತ್ರಿ ಕೆರೆಗೆ ಎಸೆದರೆ ಅವರ ತಪ್ಪೇನು?

ಸಂಶೋಧಕಿ: ಅವರ ತಪ್ಪೇನೂ ಇಲ್ಲ. ಆ ಭಯಕ್ಕೆ ಕಾನೂನೇ ಕಾರಣ ಕೊಟ್ಟಿದೆ. ನೆಲದಲ್ಲಿ ಹುದುಗಿದ್ದು ಸಿಕ್ಕರೆ ಏನು ಮಾಡಬೇಕು ಎನ್ನುವ ನಮ್ಮ ಕಾನೂನಿನ ಬೇರು ಇರುವುದು 1878ರ ನಿಧಿ ಕಾಯ್ದೆಯಲ್ಲಿ. ಅದರ ಪ್ರಕಾರ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದು ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು. ಚಿನ್ನದ ನಾಣ್ಯದ ಕುಡಿಕೆಯನ್ನು ಮನಸ್ಸಿನಲ್ಲಿಟ್ಟು ಬರೆದ ಕಾಯ್ದೆಗೆ ಕರಕಲು ಹುರುಳಿ ಕಾಣುವುದಿಲ್ಲ. ಬೇಸಾಯದ ಚರಿತ್ರೆ ತಿಳಿಯಲು ಹೊರಟವರು ಬೇಸಾಯಗಾರನಿಗೆ ಹಾನಿ ಮಾಡಿದರೆ ಆ ಕೆಲಸಕ್ಕೆ ಅರ್ಥವಿಲ್ಲ ಎಂದು ನಾನು ನಂಬಿದ್ದೇನೆ. ಆದ್ದರಿಂದ ಕೆಲವು ಶರತ್ತುಗಳನ್ನು ನಿಯಮದಲ್ಲೇ ಬರೆಯಬೇಕು. ಕಂದಕ ತೋಡುವುದು ಸುಗ್ಗಿ ಮುಗಿದ ಮೇಲೆ, ಮುಂಗಾರು ಬಿತ್ತನೆಗೆ ಮುಂಚೆ. ಮೇಲ್ಮಣ್ಣು ಒಂದು ಕಡೆ, ಕೆಳಮಣ್ಣು ಒಂದು ಕಡೆ ಹಾಕಿ, ನೋಡಿದ ಮೇಲೆ ಅದೇ ಕ್ರಮದಲ್ಲಿ ಮುಚ್ಚಬೇಕು. ಮಾರ್ಗ ಆ ಹೊಲದ ಮೇಲೆ ಬರಲಿ ಬಾರದಿರಲಿ, ಕಂದಕದ ನಷ್ಟಕ್ಕೆ ಅಂದೇ ಹಣ ಕೊಡಬೇಕು, ಭೂಪರಿಹಾರದ ಲೆಕ್ಕಕ್ಕೆ ಅದನ್ನು ಬೆರೆಸಬಾರದು. ಕಂದಕದಲ್ಲಿ ಏನೇ ಸಿಗಲಿ, ಅದನ್ನೇ ನೆಪ ಮಾಡಿ ಪರಿಹಾರ ತಡೆಯಬಾರದು. ಅಗೆಯುವ ಕೂಲಿ ಆ ಊರಿನವರಿಗೇ. ಏನು ಸಿಕ್ಕಿತು ಎಂಬುದನ್ನು ಮೊದಲು ಹೇಳಬೇಕಾದದ್ದು ಆ ಊರಿನ ಗ್ರಾಮಸಭೆಯಲ್ಲಿ, ಕನ್ನಡದಲ್ಲಿ.

ಎಂಜಿನಿಯರ್: ವಿಸ್ತೃತ ಯೋಜನಾ ವರದಿಯ (ಡಿಪಿಆರ್) ಹಂತದಲ್ಲಿ ಎರಡು ಮೂರು ಪರ್ಯಾಯ ಮಾರ್ಗಗಳನ್ನು ನಾವು ಹೇಗೂ ನೋಡುತ್ತೇವೆ. ಆಗ ಮಣ್ಣು ಪರೀಕ್ಷೆಯ ತಂಡದ ಜೊತೆಗೇ ನಿಮ್ಮವರೂ ಬಂದರೆ ಒಂದೇ ಜೀಪು, ಒಂದೇ ಅನುಮತಿ ಪತ್ರ ಸಾಕು. ಅಷ್ಟಕ್ಕೆ ನನ್ನ ಒಪ್ಪಿಗೆ ಇದೆ. ಎರಡನೆಯ ಹಂತದ ಅವಧಿಯನ್ನು ಟೆಂಡರಿನಲ್ಲೇ ಬರೆಯುವುದಕ್ಕೂ ಒಪ್ಪುತ್ತೇನೆ, ಅದಕ್ಕೊಂದು ಗಡುವು ಇರಬೇಕು, ಗಡುವು ದಾಟಿದರೆ ಹೊಣೆ ನಿಮ್ಮದಾಗಬೇಕು. ನಿಮ್ಮ ಶರತ್ತುಗಳಿಗೆ ನನ್ನದೂ ಒಂದು ಸೇರಿಸಿಕೊಳ್ಳಿ. ಕಂದಕ ಮುಚ್ಚಿದರೆ ಸಾಲದು, ಕಡಿದ ಬದುವನ್ನು ಮೊದಲಿದ್ದ ಎತ್ತರಕ್ಕೆ ಕಟ್ಟಿಕೊಡಬೇಕು, ಒಡೆದ ನೀರಿನ ಪೈಪನ್ನು ಬದಲಿಸಿಕೊಡಬೇಕು. ಅದಾಗಿದೆ ಎಂದು ಹೊಲದವರು ಸಹಿ ಹಾಕಿದ ಮೇಲೆಯೇ ನಿಮ್ಮ ತಂಡ ಊರು ಬಿಡಬೇಕು.

ಸಂಶೋಧಕಿ: ಗಡುವೂ ಇರಲಿ, ಬದುವೂ ಇರಲಿ ಸರ್. ಸಹಿಯ ಹಾಳೆಯಲ್ಲಿ ಇನ್ನೊಂದು ಕಾಲಂ ಬಿಡಿ. ಉಳುವಾಗ ಏನೇನು ಕಂಡಿದ್ದೀರಿ, ಹೊಲದ ಯಾವ ಮೂಲೆಯಲ್ಲಿ ಎಂದು ಅವರ ಮಾತಿನಲ್ಲೇ ಬರೆದುಕೊಳ್ಳುವುದಕ್ಕೆ.